ಗಾಳಿಗೆ ಅಂಕ ಕೊಟ್ಟ ನಾವಿಕ ಬೋಫರ್ಟ್: ಆ್ಯಪ್‌ನ ಗಾಳಿ ವೇಗಕ್ಕೂ ಚಂಡಮಾರುತದ ಅಧಿಕೃತ ವರದಿಗೂ ಯಾಕೆ ತಾಳೆಯಾಗುವುದಿಲ್ಲ?

ಅಮೆರಿಕದ ಕರಾವಳಿಯತ್ತ ಹರಿಕೇನ್ ಬರುತ್ತಿದೆ ಎಂದಾಗಲೆಲ್ಲ ಒಂದೇ ಬಗೆಯ ಸ್ಕ್ರೀನ್‌ಶಾಟ್‌ಗಳು ಓಡಾಡಲು ಶುರುವಾಗುತ್ತವೆ. ಒಂದು ಕಡೆ ಟಿವಿ ಸುದ್ದಿ, ಅದರಲ್ಲಿ ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್. ಇನ್ನೊಂದು ಕಡೆ ಮೊಬೈಲ್‌ನ ಹವಾಮಾನ ಆ್ಯಪ್, ಅದರಲ್ಲಿ ಅದೇ ಊರಿಗೆ ಅದೇ ಹೊತ್ತಿಗೆ ಗಂಟೆಗೆ 90 ಕಿಲೋಮೀಟರ್. ಕೆಳಗೆ ಯಾರೋ ಬರೆದಿರುತ್ತಾರೆ, ಸರ್ಕಾರ ಮತ್ತು ಟಿವಿಯವರು ಸೇರಿ ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು. ನಮ್ಮ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗಲೂ ಇಂಥದ್ದೇ ಫಾರ್ವರ್ಡ್‌ಗಳು ಕನ್ನಡದಲ್ಲಿ ಬರುತ್ತವೆ.

ಇವೆರಡರಲ್ಲಿ ಸುಳ್ಳು ಯಾವುದು? ಸಾಮಾನ್ಯವಾಗಿ ಎರಡೂ ಅಲ್ಲ. ಎರಡು ಸಂಖ್ಯೆಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿವೆ, ಅಷ್ಟೇ. ಆದರೆ ಇದನ್ನು ತಿಳಿಯದೆ ಚಿಕ್ಕ ಸಂಖ್ಯೆಯನ್ನು ನಂಬಿ ಮನೆಯಲ್ಲೇ ಕುಳಿತವರು ಜೀವಕ್ಕೆ ಅಪಾಯ ತಂದುಕೊಳ್ಳಬಹುದು. ಹಾಗಾಗಿ ಇದು ಬರೀ ಲೆಕ್ಕದ ಚರ್ಚೆಯಲ್ಲ.

ಈ ಗೊಂದಲವನ್ನು ಬಿಡಿಸಲು ನಾವು ಒಬ್ಬ ವ್ಯಕ್ತಿಯ ಜೀವನಕಥೆಯನ್ನು ಆರಿಸಿಕೊಂಡಿದ್ದೇವೆ. ಅವರು ತೀರಿಕೊಂಡು ಒಂದೂವರೆ ಶತಮಾನದ ಮೇಲಾಯಿತು. ಆದರೆ ಇಂದು ಯಾವ ಗಾಳಿಯನ್ನು ಹರಿಕೇನ್ ಎನ್ನಬೇಕು ಎಂಬ ಗಡಿರೇಖೆ ಅವರು ಮಾಡಿದ ಪಟ್ಟಿಯ ಕೊನೆಯ ಮೆಟ್ಟಿಲಿನಿಂದಲೇ ಬಂದಿದೆ. ಅವರ ಹೆಸರು ಫ್ರಾನ್ಸಿಸ್ ಬೋಫರ್ಟ್.

ತಪ್ಪು ನಕ್ಷೆ, ಮುಳುಗಿದ ಹಡಗು

ಬೋಫರ್ಟ್ ಹುಟ್ಟಿದ್ದು 1774ರ ಮೇ 27ರಂದು, ಐರ್ಲೆಂಡಿನ ನೇವನ್ ಎಂಬ ಊರಿನಲ್ಲಿ. ತಂದೆ ಪಾದ್ರಿ. ನಕ್ಷೆ ಬಿಡಿಸುವುದರಲ್ಲೂ ಅವರಿಗೆ ತುಂಬ ಆಸಕ್ತಿ. 1792ರಲ್ಲಿ ಅವರು ಪ್ರಕಟಿಸಿದ ಐರ್ಲೆಂಡಿನ ನಕ್ಷೆಗೆ ಒಳ್ಳೆಯ ಹೆಸರು ಬಂದಿತ್ತು. ಮಗನಿಗೆ ಮಾತ್ರ ಚಿಕ್ಕಂದಿನಿಂದಲೂ ಕಡಲಿನ ಹುಚ್ಚು. ಹದಿನಾಲ್ಕರ ವಯಸ್ಸಿಗೆ ಶಾಲೆ ಬಿಟ್ಟ. ಡಬ್ಲಿನ್ ಹತ್ತಿರದ ಡನ್ಸಿಂಕ್ ವೀಕ್ಷಣಾಲಯದಲ್ಲಿ ಕೆಲವು ತಿಂಗಳು ಖಗೋಳಶಾಸ್ತ್ರದ ಪಾಠ ಕಲಿತು, 1789ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾನ್ಸಿಟಾರ್ಟ್ ಎಂಬ ಹಡಗು ಹತ್ತಿದ.

ಆ ಮೊದಲ ಪ್ರಯಾಣವೇ ಅವಘಡದಲ್ಲಿ ಮುಗಿಯಿತು. ಇಂದಿನ ಇಂಡೊನೇಷ್ಯಾದ ಬಂಕಾ ದ್ವೀಪದ ಬಳಿ ಇರುವ ಗ್ಯಾಸ್ಪರ್ ಜಲಸಂಧಿಯಲ್ಲಿ ಹಡಗು ಬಂಡೆಗೆ ಬಡಿದು ಒಡೆಯಿತು. ಆ ಬಂಡೆ ಅವರ ಬಳಿಯಿದ್ದ ನಕ್ಷೆಯಲ್ಲಿ ಇರಲಿಲ್ಲ. ಹುಡುಗನಿಗೆ ಆಗ ಹದಿನೈದು ವರ್ಷ. ಜೀವ ಉಳಿಯಿತು. ಕಾಗದದ ಮೇಲಿನ ತಪ್ಪು ಮಾಹಿತಿ ಮನುಷ್ಯರನ್ನು ಕೊಲ್ಲಬಲ್ಲದು ಎನ್ನುವುದನ್ನು ಅವನು ಕಣ್ಣಾರೆ ನೋಡಿದ್ದ. ಮುಂದೆ ಅವರು ಇಡೀ ಜೀವನ ಮಾಡಿದ ಕೆಲಸವನ್ನು ನೋಡಿದರೆ ಆ ದಿನ ಅವರಿಗೆ ಮರೆತುಹೋಗಲಿಲ್ಲ ಎಂದೇ ಅನಿಸುತ್ತದೆ.

1790ರಲ್ಲಿ ಬೋಫರ್ಟ್ ಬ್ರಿಟನ್ನಿನ ನೌಕಾಪಡೆ ಸೇರಿದರು. ಆ ದಿನಗಳಲ್ಲೇ ಹವಾಮಾನದ ದಿನಚರಿ ಬರೆಯಲು ಶುರುಮಾಡಿದರು. ಗಾಳಿ ಯಾವ ದಿಕ್ಕಿನಿಂದ, ಎಷ್ಟು ಜೋರು, ಆಕಾಶ ಹೇಗಿದೆ, ಮಳೆಯೋ ಮಂಜೋ ಎಂದು ಬರೆದಿಡುವ ಈ ಅಭ್ಯಾಸವನ್ನು ಅವರು ಸಾಯುವವರೆಗೂ ಬಿಡಲಿಲ್ಲ.

ಹತ್ತೊಂಬತ್ತು ಗಾಯ, ಆಮೇಲೆ ಒಂದು ಸರಕಿನ ಹಡಗು

ಅದು ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಯುದ್ಧಗಳ ಕಾಲ. 1800ರ ಅಕ್ಟೋಬರ್‌ನಲ್ಲಿ ಸ್ಪೇನಿನ ದಕ್ಷಿಣ ತೀರದಲ್ಲಿ ಶತ್ರುಗಳ ಹಡಗೊಂದನ್ನು ವಶಪಡಿಸಿಕೊಳ್ಳುವ ದಾಳಿಗೆ ಬೋಫರ್ಟ್ ಮುಂದಾಳಾಗಿದ್ದರು. ಹಡಗು ಕೈಗೆ ಬಂತು. ಅವರ ಮೈಮೇಲೆ ಮಾತ್ರ ಕತ್ತಿಯೇಟು, ಗುಂಡೇಟು ಸೇರಿ ಹತ್ತೊಂಬತ್ತು ಗಾಯಗಳಾದವು.

ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಅವರ ಅಕ್ಕನನ್ನು ಮದುವೆಯಾಗಿದ್ದ ರಿಚರ್ಡ್ ಲವೆಲ್ ಎಜ್‌ವರ್ತ್ ಒಬ್ಬ ಸಂಶೋಧಕ. 1803–04ರಲ್ಲಿ ಭಾವನ ಜೊತೆ ಸೇರಿ ಬೋಫರ್ಟ್ ಡಬ್ಲಿನ್‌ನಿಂದ ಗಾಲ್ವೇವರೆಗೆ ಒಂದು ಸಂಕೇತ ವ್ಯವಸ್ಥೆ ನಿರ್ಮಿಸಿದರು. ದೂರ ದೂರದ ಗೋಪುರಗಳ ಮೇಲಿನ ಕೈಮರಗಳನ್ನು ತಿರುಗಿಸಿ ಸುದ್ದಿ ಮುಟ್ಟಿಸುವ ಉಪಾಯ ಅದು. ಇಂಥ ವ್ಯವಸ್ಥೆ ನಡೆಯಬೇಕಾದರೆ ಒಂದು ಸಂಕೇತಕ್ಕೆ ಎಲ್ಲರೂ ಒಂದೇ ಅರ್ಥ ಇಟ್ಟುಕೊಂಡಿರಬೇಕು. ಈ ಪಾಠ ಅವರ ಮುಂದಿನ ಕೆಲಸದಲ್ಲೂ ಕಾಣುತ್ತದೆ.

1805ರಲ್ಲಿ ಅವರಿಗೆ ಕೊನೆಗೂ ಒಂದು ಹಡಗಿನ ನಾಯಕತ್ವ ಸಿಕ್ಕಿತು. ಹೆಸರು ವುಲಿಚ್. ಅದು ವೀರರ ಯುದ್ಧನೌಕೆಯಲ್ಲ, ಸರಕು ಸಾಗಿಸುವ ಹಡಗು. ಅವರಿಗೆ ಬೇಸರವಾಯಿತು. ಆದರೆ ಲೋಕಕ್ಕೆ ಅವರ ಹೆಸರು ನೆನಪಿರುವುದು ಈ ಹಡಗಿನಲ್ಲಿ ಬರೆದ ಒಂದು ಪುಟದಿಂದ.

1806ರ ಜನವರಿ 13

ಆ ಕಾಲದ ನಾವಿಕರು ಗಾಳಿಯನ್ನು ಪದಗಳಲ್ಲಿ ಬರೆಯುತ್ತಿದ್ದರು. ತಂಗಾಳಿ, ಜೋರು ಗಾಳಿ, ಬಿರುಗಾಳಿ, ಹೀಗೆ. ತೊಂದರೆ ಏನೆಂದರೆ, ಹೊಸಬನಿಗೆ ಬಿರುಗಾಳಿ ಅನಿಸಿದ್ದು ಹಳೆಯ ನಾವಿಕನಿಗೆ ಬರೀ ಜೋರು ಗಾಳಿ. ಹತ್ತು ಹಡಗುಗಳ ದಾಖಲೆ ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟರೂ ಹೋಲಿಸಲು ಆಗುತ್ತಿರಲಿಲ್ಲ.

1806ರ ಜನವರಿ 13ರಂದು ಬೋಫರ್ಟ್ ತಮ್ಮ ಖಾಸಗಿ ದಿನಚರಿಯಲ್ಲಿ ಇನ್ನು ಮುಂದೆ ಗಾಳಿಯನ್ನು ಅಂಕಗಳಲ್ಲಿ ಬರೆಯುವುದಾಗಿ ತೀರ್ಮಾನಿಸಿ ಒಂದು ಪಟ್ಟಿ ಮಾಡಿಕೊಂಡರು. ಸೊನ್ನೆ ಎಂದರೆ ಎಲೆಯೂ ಅಲುಗದ ಸ್ತಬ್ಧತೆ. ಅಲ್ಲಿಂದ ಮೇಲಕ್ಕೆ 13ರವರೆಗೆ. ಮರುವರ್ಷ ಅದನ್ನು ಪರಿಷ್ಕರಿಸಿ 12ಕ್ಕೆ ಇಳಿಸಿದರು.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಸರಿಪಡಿಸಬೇಕು.

ಒಂದು, ಇಂಥ ಪಟ್ಟಿ ಮಾಡಿದವರಲ್ಲಿ ಬೋಫರ್ಟ್ ಮೊದಲಿಗರು ಎನ್ನುವುದು. ಅವರಿಗಿಂತ ಮೊದಲೇ ಎಂಜಿನಿಯರ್ ಜಾನ್ ಸ್ಮೀಟನ್ ಗಾಳಿಯಂತ್ರದ ರೆಕ್ಕೆಗಳನ್ನು ನೋಡಿ ಗಾಳಿಗೆ ದರ್ಜೆ ಕೊಟ್ಟಿದ್ದರು. ನಕ್ಷೆ ತಜ್ಞ ಅಲೆಕ್ಸಾಂಡರ್ ಡಾಲ್ರಿಂಪಲ್ ಅದನ್ನು ಕಡಲಿಗೆ ಹೊಂದಿಸಲು ಯತ್ನಿಸಿದ್ದರು.

ಎರಡು, ಬೋಫರ್ಟ್ ಮಾಪಕ ಗಾಳಿಯ ವೇಗವನ್ನು ಅಳೆಯುತ್ತದೆ ಎನ್ನುವುದು. ಅವರ ಪಟ್ಟಿಯಲ್ಲಿ ಗಾಳಿಯ ವೇಗವೇ ಇರಲಿಲ್ಲ. ಗಾಳಿ ಹಡಗಿಗೆ ಏನು ಮಾಡುತ್ತದೆ ಎನ್ನುವುದನ್ನು ಮಾತ್ರ ಅದು ಕೇಳುತ್ತಿತ್ತು. ಕೆಳಗಿನ ಅಂಕಗಳಲ್ಲಿ, ಎಲ್ಲ ಹಾಯಿಗಳನ್ನೂ ಬಿಚ್ಚಿದ ಯುದ್ಧನೌಕೆ ಆ ಗಾಳಿಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬ ಪ್ರಶ್ನೆ. ಮೇಲಿನ ಅಂಕಗಳಲ್ಲಿ, ಆ ಹಡಗು ಎಷ್ಟು ಹಾಯಿಗಳನ್ನು ತಡೆದುಕೊಳ್ಳಬಲ್ಲದು ಎಂಬ ಪ್ರಶ್ನೆ. ಗಾಳಿ ಹೆಚ್ಚಿದಂತೆ ನಾವಿಕರು ಒಂದೊಂದೇ ಹಾಯಿ ಮಡಿಸುತ್ತಾರೆ. 11ಕ್ಕೆ ಬಂದಾಗ ಬಿರುಗಾಳಿಗೆಂದೇ ಇರುವ ಚಿಕ್ಕ ಹಾಯಿಗಳು ಮಾತ್ರ ಉಳಿಯುತ್ತವೆ. 12 ಎಂದರೆ ಯಾವ ಹಾಯಿಬಟ್ಟೆಯೂ ತಾಳಲಾರದ ಗಾಳಿ. ಅದರ ಹೆಸರೇ ಹರಿಕೇನ್.

ಇದರಲ್ಲಿ ಒಂದು ಜಾಣತನವಿದೆ. ಆಗಿನ ದೊಡ್ಡ ಯುದ್ಧನೌಕೆಗಳು ಹೆಚ್ಚುಕಡಿಮೆ ಒಂದೇ ಮಾದರಿಯವು. ಅಂದರೆ ಪ್ರತಿಯೊಬ್ಬ ನಾಯಕನ ಕಾಲಡಿಯಲ್ಲೇ ಒಂದೇ ಬಗೆಯ ಅಳತೆಯ ಉಪಕರಣ ಇದ್ದಂತಾಯಿತು. ಪೋರ್ಟ್ಸ್‌ಮತ್‌ನಲ್ಲಿ ಒಬ್ಬರು 8 ಎಂದು ಬರೆದರೆ ಮದ್ರಾಸಿನಲ್ಲಿ ಇನ್ನೊಬ್ಬರು ಬರೆದ 8ಕ್ಕೂ ಅದೇ ಅರ್ಥ. ಗಾಳಿಯ ಸಂಖ್ಯೆಯನ್ನು ಬರೆಯುವ ಮೊದಲು ಅದನ್ನು ಯಾವುದರಿಂದ, ಹೇಗೆ ಅಳೆದೆವು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಇಂದಿನ ಆ್ಯಪ್ ಗೊಂದಲಕ್ಕೂ ಉತ್ತರ ಇದರಲ್ಲೇ ಇದೆ.

ನಕ್ಷೆಗಳ ಒಡೆಯ

ಬೋಫರ್ಟ್ ತಮ್ಮ ಪಟ್ಟಿಗೆ ಪ್ರಚಾರ ಕೊಡಲಿಲ್ಲ. ಕಾಲು ಶತಮಾನ ಅದು ಹೆಚ್ಚಾಗಿ ಅವರ ದಿನಚರಿಯಲ್ಲೇ ಉಳಿಯಿತು. 1811–12ರಲ್ಲಿ ಅವರು ಇಂದಿನ ಟರ್ಕಿಯ ದಕ್ಷಿಣ ಕರಾವಳಿಯನ್ನು ಅಳೆದು ನಕ್ಷೆ ಮಾಡಿದರು. ಅಲ್ಲಿ ನಡೆದ ದಾಳಿಯೊಂದರಲ್ಲಿ ಮತ್ತೆ ಗುಂಡೇಟು ಬಿತ್ತು. ಹಡಗಿನ ಮೇಲಿನ ಅವರ ಸೇವೆ ಅಲ್ಲಿಗೆ ಮುಗಿಯಿತು.

1829ರಲ್ಲಿ, ತಮ್ಮ 55ನೇ ವಯಸ್ಸಿನಲ್ಲಿ, ಅವರು ಬ್ರಿಟನ್ ನೌಕಾಪಡೆಯ ನಕ್ಷೆ ವಿಭಾಗದ ಮುಖ್ಯಸ್ಥರಾದರು. ಬೇರೆಯವರು ನಿವೃತ್ತಿಯ ಯೋಚನೆ ಮಾಡುವ ವಯಸ್ಸಿನಲ್ಲಿ ಶುರುವಾದ ಈ ಕೆಲಸದಲ್ಲಿ ಅವರು 1855ರವರೆಗೂ ಇದ್ದರು. ಜಗತ್ತಿನ ನಾನಾ ಕಡಲತೀರಗಳಿಗೆ ಸಮೀಕ್ಷೆಯ ಹಡಗುಗಳನ್ನು ಕಳುಹಿಸಿದರು. ಉಬ್ಬರವಿಳಿತದ ಕೋಷ್ಟಕಗಳು, ನಾವಿಕರಿಗೆ ಹೊಸ ಅಪಾಯಗಳನ್ನು ತಿಳಿಸುವ ಸೂಚನಾಪತ್ರಗಳು ಅವರ ಕಾಲದಲ್ಲೇ ಶುರುವಾದವು. ಹದಿನೈದರ ಹುಡುಗನ ಹಡಗನ್ನು ಒಡೆದಂಥ ಬಂಡೆಗಳು ಒಂದೊಂದಾಗಿ ನಕ್ಷೆಗೆ ಏರತೊಡಗಿದವು.

1831ರಲ್ಲಿ ಅವರು ಕಳುಹಿಸಿದ ಒಂದು ಸಮೀಕ್ಷೆಯ ಹಡಗಿನ ಹೆಸರು ಬೀಗಲ್. ನಾಯಕ ರಾಬರ್ಟ್ ಫಿಟ್ಜ್‌ರಾಯ್. ಪ್ರಯಾಣಕ್ಕೆ ಒಬ್ಬ ವಿದ್ಯಾವಂತ ಸಂಗಾತಿ ಬೇಕೆಂದು ಫಿಟ್ಜ್‌ರಾಯ್ ಕೇಳಿದಾಗ ಬೋಫರ್ಟ್ ಕೇಂಬ್ರಿಜ್‌ನ ತಮ್ಮ ಪರಿಚಿತರಿಗೆ ಹೇಳಿಕಳುಹಿಸಿದರು. ಆ ಹುಡುಕಾಟದಲ್ಲಿ ಸಿಕ್ಕ ಯುವಕನೇ ಚಾರ್ಲ್ಸ್ ಡಾರ್ವಿನ್. ಬೋಫರ್ಟ್ ಅವರ ಗಾಳಿಯ ಅಂಕಗಳನ್ನು ಅಧಿಕೃತ ಪ್ರಯಾಣವೊಂದರಲ್ಲಿ ಮೊದಲು ಬಳಸಿದ್ದೂ ಬೀಗಲ್‌ನಲ್ಲೇ. 1838ರ ಕೊನೆಯಲ್ಲಿ ಇಡೀ ನೌಕಾಪಡೆ ಅದನ್ನು ಕಡ್ಡಾಯ ಮಾಡಿತು. ಪಟ್ಟಿ ಬರೆದು ಆಗಲೇ ಮೂವತ್ತೆರಡು ವರ್ಷ ಕಳೆದಿತ್ತು.

ಕುಟುಂಬದೊಳಗಿಂದಲೇ ಬಂದ ಯಂತ್ರ

ಇಷ್ಟೆಲ್ಲ ಕಣ್ಣಂದಾಜಿನ ಅಳತೆ. ಗಾಳಿಯ ವೇಗವನ್ನು ನೇರವಾಗಿ ಅಳೆಯುವ ಯಂತ್ರದ ಕಥೆಯೂ ಬೋಫರ್ಟ್ ಕುಟುಂಬಕ್ಕೆ ತಗುಲಿಕೊಂಡಿದೆ. ಅವರ ಅಕ್ಕನ ಮಗಳನ್ನು ಮದುವೆಯಾಗಿದ್ದವರು ಥಾಮಸ್ ರಾಮ್ನಿ ರಾಬಿನ್ಸನ್. ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ಖಗೋಳಶಾಸ್ತ್ರಜ್ಞರು. 1846ರಲ್ಲಿ ಅವರು ನಾಲ್ಕು ಬಟ್ಟಲುಗಳು ತಿರುಗುವ ಗಾಳಿಮಾಪಕವನ್ನು ರೂಪಿಸಿದರು. ಹವಾಮಾನ ಕೇಂದ್ರಗಳ ಕಂಬದ ತುದಿಯಲ್ಲಿ ಇಂದಿಗೂ ಗಿರಗಿರ ತಿರುಗುವ ಬಟ್ಟಲುಗಳು ಅದರದ್ದೇ ವಂಶ.

ರಾಬಿನ್ಸನ್ ಒಂದು ಸರಳ ಲೆಕ್ಕ ಹಾಕಿದ್ದರು. ಬಟ್ಟಲು ಎಷ್ಟೇ ದೊಡ್ಡದಿರಲಿ, ಗಾಳಿಯ ವೇಗ ಬಟ್ಟಲಿನ ವೇಗದ ಮೂರು ಪಟ್ಟು. ಈ ಲೆಕ್ಕ ತಪ್ಪಾಗಿತ್ತು. ಬಟ್ಟಲಿನ ಗಾತ್ರ ಮತ್ತು ತೋಳಿನ ಉದ್ದಕ್ಕೆ ತಕ್ಕಂತೆ ಈ ಗುಣಾಂಕ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಪ್ರಮಾಣಿತ ಯಂತ್ರಕ್ಕೆ ಸರಿಯಾದ ಸಂಖ್ಯೆ ಸುಮಾರು 2.2. ಅಂದರೆ ಯಂತ್ರ 100 ಎಂದು ತೋರಿಸಿದಾಗ ನಿಜವಾದ ಗಾಳಿ ಸುಮಾರು 73. ಈ ತಪ್ಪು ದಶಕಗಟ್ಟಲೆ ಅಧಿಕೃತ ದಾಖಲೆಗಳಲ್ಲೇ ಮುಂದುವರಿಯಿತು. ಯಂತ್ರ ಹೇಳಿದ ಮಾತ್ರಕ್ಕೆ ಸಂಖ್ಯೆ ನಿಜವಾಗುವುದಿಲ್ಲ ಎಂಬುದಕ್ಕೆ ಇದು ಹಳೆಯ ಉದಾಹರಣೆ.

ಬೋಫರ್ಟ್ 1857ರ ಡಿಸೆಂಬರ್ 17ರಂದು, 83ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಹೋವ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡರು. ಆಗಲೂ ಅವರ ಪಟ್ಟಿಯಲ್ಲಿ ಗಾಳಿಯ ವೇಗ ಇರಲಿಲ್ಲ.

ಹಾಯಿ ಹೋಯಿತು, 64 ಬಂತು

ಮುಂದೆ ಹಾಯಿಹಡಗುಗಳ ಜಾಗಕ್ಕೆ ಉಗಿಹಡಗುಗಳು ಬಂದವು. ಹಾಯಿಯೇ ಇಲ್ಲದ ಮೇಲೆ ಹಾಯಿ ನೋಡಿ ಗಾಳಿ ಅಳೆಯುವುದು ಹೇಗೆ? 1906ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿಗಾಗಿ ಜಾರ್ಜ್ ಸಿಂಪ್ಸನ್ ಎಂಬ ವಿಜ್ಞಾನಿ ಬೋಫರ್ಟ್ ಅಂಕಗಳನ್ನು ಗಾಳಿಮಾಪಕದ ಅಳತೆಗಳ ಜೊತೆ ಹೋಲಿಸಿ, ಯಾವ ಅಂಕಕ್ಕೆ ಎಷ್ಟು ವೇಗ ಎಂದು ಹೊಂದಿಸಿದರು. ಅದೇ ವರ್ಷ ಅವರು ಭಾರತೀಯ ಹವಾಮಾನ ಇಲಾಖೆ ಸೇರಿ ಶಿಮ್ಲಾಕ್ಕೆ ಬಂದರು.

ನೆಲದ ಮೇಲಿರುವವರಿಗೂ ಸಿಂಪ್ಸನ್ ಗುರುತುಗಳನ್ನು ಕೊಟ್ಟರು. ಧೂಳು, ಹಗುರ ಕಾಗದ ಹಾರಿದರೆ 4, ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್. ಕೊಡೆ ಹಿಡಿಯುವುದು ಕಷ್ಟವಾದರೆ 6, ಅಂದರೆ 39ರಿಂದ 49. ಮರದ ಸಣ್ಣ ರೆಂಬೆಗಳು ಮುರಿದು ಬೀಳುತ್ತಿದ್ದರೆ 8, ಅಂದರೆ 62ರಿಂದ 74.

ಈ ಹೊಂದಾಣಿಕೆಯಲ್ಲಿ ಬೋಫರ್ಟ್ ಅವರ ಕೊನೆಯ ಮೆಟ್ಟಿಲಾದ 12 ಶುರುವಾಗುವುದು 64 ನಾಟ್‌ನಿಂದ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಹಾಗಾಗಿ 64 ನಾಟ್ ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್ ಅಥವಾ 74 ಮೈಲಿ. ಇಂದು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಚಂಡಮಾರುತವೊಂದನ್ನು ಹರಿಕೇನ್ ಎಂದು ಕರೆಯಲು ಇಟ್ಟುಕೊಂಡಿರುವ ಗಡಿ ಇದೇ.

ನಮ್ಮ ಹವಾಮಾನ ಇಲಾಖೆಯ ಗಡಿಗಳನ್ನೂ ನೋಡಿ. ವಾಯುಭಾರ ಕುಸಿತ 17 ನಾಟ್‌ನಿಂದ, ತೀವ್ರ ವಾಯುಭಾರ ಕುಸಿತ 28ರಿಂದ, ಚಂಡಮಾರುತ 34ರಿಂದ, ತೀವ್ರ ಚಂಡಮಾರುತ 48ರಿಂದ, ಅತಿ ತೀವ್ರ ಚಂಡಮಾರುತ 64ರಿಂದ. ಇವು ಬೋಫರ್ಟ್ ಪಟ್ಟಿಯ 5, 7, 8, 10 ಮತ್ತು 12ನೇ ಮೆಟ್ಟಿಲುಗಳ ಆರಂಭದ ಸಂಖ್ಯೆಗಳೇ. ಮಂಗಳೂರು, ಕಾರವಾರದ ಮೀನುಗಾರರಿಗೆ ಬರುವ ಎಚ್ಚರಿಕೆಯ ಹಿಂದೆಯೂ ಹಳೆಯ ಹಾಯಿಹಡಗಿನ ನೆರಳು ಇದೆ.

ಹಾಗಾದರೆ ಆ್ಯಪ್ ಯಾಕೆ ಬೇರೆ ಹೇಳುತ್ತದೆ?

ಬೋಫರ್ಟ್ ಅವರ ಪ್ರಶ್ನೆಗಳನ್ನೇ ಕೇಳೋಣ. ಯಾವುದರಿಂದ ಅಳೆದದ್ದು? ಎಲ್ಲಿ? ಎಷ್ಟು ಹೊತ್ತು?

*ಯಾವುದರಿಂದ?* ನಿಮ್ಮ ಫೋನ್ ಗಾಳಿಯನ್ನು ಅಳೆಯುತ್ತಿಲ್ಲ. ಅದರಲ್ಲಿ ಗಾಳಿಮಾಪಕವೇ ಇಲ್ಲ. ಆ್ಯಪ್ ತೋರಿಸುವುದು ಹೆಚ್ಚಾಗಿ ಕಂಪ್ಯೂಟರ್ ಮಾದರಿಯೊಂದು ಲೆಕ್ಕ ಹಾಕಿದ ಅಂದಾಜು. ಈ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸುತ್ತವೆ. ಅಮೆರಿಕದ ಜಾಗತಿಕ ಮಾದರಿಯಲ್ಲಿ ಒಂದು ಚೌಕದ ಅಗಲ ಸುಮಾರು 13 ಕಿಲೋಮೀಟರ್, ಯುರೋಪಿನ ಪ್ರಸಿದ್ಧ ಮಾದರಿಯಲ್ಲಿ ಸುಮಾರು 9. ಆದರೆ ಚಂಡಮಾರುತದ ಅತಿ ಜೋರಿನ ಗಾಳಿ ಇರುವುದು ಕಣ್ಣಿನ ಸುತ್ತಲಿನ ಕಿರಿದಾದ ಬಳೆಯಂಥ ಪಟ್ಟಿಯಲ್ಲಿ. ದೊಡ್ಡ ಚೌಕದೊಳಗೆ ಆ ಪಟ್ಟಿಯ ತೀವ್ರತೆ ಹರಡಿ ತೆಳುವಾಗುತ್ತದೆ. ದಪ್ಪ ಕುಂಚದಲ್ಲಿ ತೆಳು ಗೆರೆ ಎಳೆಯಲು ಹೋದ ಹಾಗೆ.

ಅಧಿಕೃತ ಸಂಖ್ಯೆ ಬರುವ ದಾರಿ ಬೇರೆ. ಅಟ್ಲಾಂಟಿಕ್‌ನಲ್ಲಿ ವಿಮಾನಗಳು ನೇರವಾಗಿ ಹರಿಕೇನ್‌ನ ಒಳಗೆ ಹೋಗುತ್ತವೆ. ಅಲ್ಲಿಂದ ಉಪಕರಣಗಳನ್ನು ಕೆಳಗೆ ಬೀಳಿಸಿ, ಅವು ಕಡಲು ಮುಟ್ಟುವವರೆಗೆ ಗಾಳಿಯನ್ನು ಅಳೆಯುತ್ತವೆ. ಉಪಗ್ರಹ, ರೇಡಾರ್ ಮಾಹಿತಿಯನ್ನೂ ಸೇರಿಸಿ ತಜ್ಞರು ಒಂದು ಸಂಖ್ಯೆಗೆ ಬರುತ್ತಾರೆ. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ ಈ ಅಂದಾಜು ಮುಖ್ಯವಾಗಿ ಉಪಗ್ರಹ ಚಿತ್ರಗಳಲ್ಲಿ ಕಾಣುವ ಮೋಡಗಳ ವಿನ್ಯಾಸದಿಂದ ಬರುತ್ತದೆ.

*ಎಲ್ಲಿ?* ಅಧಿಕೃತ ವರದಿಯ ಸಂಖ್ಯೆ ಇಡೀ ಚಂಡಮಾರುತದಲ್ಲಿ ಎಲ್ಲಾದರೂ ಒಂದು ಕಡೆ ಇರುವ ಗರಿಷ್ಠ ಗಾಳಿಯದ್ದು. ಅದೂ ಬಯಲಿನಲ್ಲಿ, ನೆಲ ಅಥವಾ ನೀರಿನಿಂದ 10 ಮೀಟರ್ ಎತ್ತರದಲ್ಲಿ. ಆ್ಯಪ್ ಹೇಳುವುದು ನಿಮ್ಮ ಊರಿನ ಲೆಕ್ಕ. ಕಣ್ಣಿನಿಂದ ನೂರು ಕಿಲೋಮೀಟರ್ ದೂರದ ಊರಿನಲ್ಲಿ ಗಾಳಿ ಕಡಿಮೆ ಇರುವುದು ಸಹಜ. ಮರ, ಮನೆ, ಗುಡ್ಡಗಳೂ ನೆಲದ ಹತ್ತಿರದ ಗಾಳಿಯನ್ನು ತಡೆಯುತ್ತವೆ.

*ಎಷ್ಟು ಹೊತ್ತು?* ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಹಾಗಾಗಿ ಸರಾಸರಿ ತೆಗೆಯಬೇಕು. ಅಮೆರಿಕದವರು ಒಂದು ನಿಮಿಷದ ಸರಾಸರಿ ತೆಗೆಯುತ್ತಾರೆ. ನಮ್ಮ ಹವಾಮಾನ ಇಲಾಖೆ ಚಂಡಮಾರುತಗಳಿಗೆ ಮೂರು ನಿಮಿಷದ ಸರಾಸರಿ ಬಳಸುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿ ಹತ್ತು ನಿಮಿಷದ್ದು. ಸರಾಸರಿಯ ಅವಧಿ ಚಿಕ್ಕದಾದಷ್ಟೂ ಗರಿಷ್ಠ ಸಂಖ್ಯೆ ದೊಡ್ಡದಾಗುತ್ತದೆ. ಕಡಲ ಮೇಲೆ ಹತ್ತು ನಿಮಿಷದ ಸರಾಸರಿ 100 ಇದ್ದರೆ, ಅದೇ ಗಾಳಿಯ ಒಂದು ನಿಮಿಷದ ಲೆಕ್ಕ ಸುಮಾರು 107ರಿಂದ 114 ಆಗಬಹುದು. ಸುದ್ದಿಯಲ್ಲಿ ಬರುವ ಗಾಳಿಯ ಹೊಡೆತ, ಅಂದರೆ ಗಸ್ಟ್, ಮೂರು ಸೆಕೆಂಡಿನದ್ದು. ಅದು ಇನ್ನೂ ದೊಡ್ಡದು. ನಮ್ಮ ಕಡಲಿನ ಒಂದೇ ಚಂಡಮಾರುತಕ್ಕೆ ಅಮೆರಿಕದ ಸಂಸ್ಥೆ ಒಂದು ವೇಗ, ನಮ್ಮ ಇಲಾಖೆ ಇನ್ನೊಂದು ವೇಗ ಹೇಳುವುದಕ್ಕೆ ಇದೂ ಒಂದು ಕಾರಣ. ಯಾರೂ ಏನನ್ನೂ ಮುಚ್ಚಿಡುತ್ತಿಲ್ಲ.

*ಯಾವ ಮಾನ?* ಆ್ಯಪ್‌ನ ಸೆಟ್ಟಿಂಗ್ ಒಮ್ಮೆ ನೋಡಿ. 64 ನಾಟ್, 74 ಮೈಲಿ, 119 ಕಿಲೋಮೀಟರ್, ಸೆಕೆಂಡಿಗೆ 33 ಮೀಟರ್, ಈ ನಾಲ್ಕೂ ಒಂದೇ ಗಾಳಿ. ಮೀಟರ್‌ನಲ್ಲಿ ಇಟ್ಟ ಆ್ಯಪ್‌ನ 33 ನೋಡಿ ಇಷ್ಟೇನಾ ಎಂದು ನಕ್ಕವರು ಹರಿಕೇನ್ ಅನ್ನೇ ನೋಡಿ ನಕ್ಕಂತೆ.

ಅಧಿಕೃತ ಸಂಖ್ಯೆಯೂ ಬದಲಾಗುತ್ತದೆ

2018ರ ಅಕ್ಟೋಬರ್ 10ರಂದು ಹರಿಕೇನ್ ಮೈಕಲ್ ಅಮೆರಿಕದ ಫ್ಲೋರಿಡಾ ರಾಜ್ಯದ ಮೆಕ್ಸಿಕೊ ಬೀಚ್ ಬಳಿ ಅಪ್ಪಳಿಸಿತು. ಆ ದಿನದ ಅಧಿಕೃತ ವೇಗ ಗಂಟೆಗೆ 155 ಮೈಲಿ, ಅಂದರೆ ಸುಮಾರು 250 ಕಿಲೋಮೀಟರ್. ನಾಲ್ಕನೇ ದರ್ಜೆ. ಆಮೇಲೆ ತಜ್ಞರು ಸಿಕ್ಕ ಎಲ್ಲ ಮಾಹಿತಿಯನ್ನೂ ಕೂತು ಪರಿಶೀಲಿಸಿ, 2019ರ ಏಪ್ರಿಲ್‌ನಲ್ಲಿ ಅದನ್ನು 160 ಮೈಲಿಗೆ ಏರಿಸಿ ಐದನೇ ದರ್ಜೆಗೆ ಸೇರಿಸಿದರು. 1992ರ ಹರಿಕೇನ್ ಆಂಡ್ರ್ಯೂ ಐದನೇ ದರ್ಜೆಯದ್ದು ಎಂದು ನಿರ್ಧಾರವಾಗಿದ್ದು ಹತ್ತು ವರ್ಷಗಳ ನಂತರ, 2002ರಲ್ಲಿ.

ಇದನ್ನು ನೋಡಿ ಕೆಲವರು ಮೊದಲ ಸಂಖ್ಯೆ ಸುಳ್ಳಾಗಿತ್ತು ಎನ್ನುತ್ತಾರೆ. ಹಾಗಲ್ಲ. ಬಿರುಗಾಳಿಯ ನಡುವೆ ಸಿಕ್ಕ ಮಾಹಿತಿಯಿಂದ ಹೇಳಿದ್ದು ಮೊದಲನೆಯದು, ಎಲ್ಲ ಮಾಹಿತಿ ಬಂದ ಮೇಲೆ ತಿದ್ದಿದ್ದು ಎರಡನೆಯದು. ಗಮನಿಸಿ, ಎರಡೂ ಸಲ ತಿದ್ದುಪಡಿ ಮೇಲಕ್ಕೇ ಹೋಗಿದೆ. ಅಧಿಕೃತ ವರದಿ ಯಾವಾಗಲೂ ಉತ್ಪ್ರೇಕ್ಷೆ ಮಾಡುತ್ತದೆ ಎಂಬ ಫಾರ್ವರ್ಡ್‌ಗೆ ಈ ಎರಡು ಉದಾಹರಣೆಗಳೇ ಉತ್ತರ.

ಚಿಕ್ಕ ಸಂಖ್ಯೆಯ ಅಪಾಯ

ಆ್ಯಪ್‌ನ ಸಂಖ್ಯೆ ನಿಮ್ಮ ಊರಿನ ಮಟ್ಟಿಗೆ ಸರಿಯಾಗಿಯೇ ಇದ್ದರೂ ಅದನ್ನು ನೋಡಿ ನಿರ್ಧಾರ ಮಾಡಬಾರದು. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಗೋಡೆಗೆ, ಹೆಂಚಿಗೆ ಬೀಳುವ ಒತ್ತಡ ನಾಲ್ಕು ಪಟ್ಟು. ಅಂದಾಜಿನಲ್ಲಿ ಸಣ್ಣ ತಪ್ಪು ಆದರೂ ಹಾನಿಯಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ.

ಎರಡನೆಯದು, ಚಂಡಮಾರುತದ ದಾರಿ ಕೊನೆ ಗಳಿಗೆಯಲ್ಲಿ ಸ್ವಲ್ಪ ಸರಿದರೂ ಆ ಕಿರಿದಾದ ಪಟ್ಟಿ ನಿಮ್ಮ ಊರಿನ ಮೇಲೆ ಬರಬಹುದು. ಎಚ್ಚರಿಕೆ ಕೊಡುವವರು ಈ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆ್ಯಪ್‌ನಲ್ಲಿ ಕಾಣುವ ಒಂದೇ ಸಂಖ್ಯೆ ಅದನ್ನು ಹೇಳುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೆಚ್ಚು ಜನರನ್ನು ಕೊಲ್ಲುವುದು ಗಾಳಿಯಲ್ಲ, ನೀರು. ಅಮೆರಿಕದಲ್ಲಿ 1963ರಿಂದ 2012ರವರೆಗಿನ ಅಟ್ಲಾಂಟಿಕ್ ಚಂಡಮಾರುತಗಳ ನೇರ ಸಾವುಗಳನ್ನು ಎಣಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ನೀರಿನಿಂದ ಆದವು. ನುಗ್ಗಿಬರುವ ಕಡಲು, ಮಳೆಯ ಪ್ರವಾಹ, ಅಲೆಗಳು. ಗಾಳಿಯ ಸಂಖ್ಯೆ ಚಿಕ್ಕದಿದೆ ಎಂದು ತಗ್ಗಿನ ಮನೆಯಲ್ಲೇ ಉಳಿದವರಿಗೆ ಈ ನೀರಿನ ಲೆಕ್ಕ ಆ್ಯಪ್‌ನ ಗಾಳಿಯ ಪುಟದಲ್ಲಿ ಸಿಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಎರಡು ಸಂಖ್ಯೆಗಳ ಸ್ಕ್ರೀನ್‌ಶಾಟ್ ನಿಮಗೆ ಬಂದರೆ ನಾಲ್ಕು ವಿಷಯ ನೋಡಿ. ಎರಡೂ ಒಂದೇ ಮಾನದಲ್ಲಿವೆಯೇ? ಒಂದು ಇಡೀ ಚಂಡಮಾರುತದ ಗರಿಷ್ಠ, ಇನ್ನೊಂದು ಒಂದು ಊರಿನದ್ದೇ? ಒಂದು ಸರಾಸರಿ, ಇನ್ನೊಂದು ಗಸ್ಟ್ ಆಗಿದೆಯೇ? ಒಂದು ತಜ್ಞರು ಕೊಟ್ಟದ್ದು, ಇನ್ನೊಂದು ಮಾದರಿಯ ಅಂದಾಜೇ? ಬಹಳಷ್ಟು ಸಲ ಉತ್ತರ ಇಲ್ಲೇ ಸಿಗುತ್ತದೆ. ಕರಾವಳಿಯಲ್ಲಿರುವ ನಿಮ್ಮವರಿಗೆ ಏನಾದರೂ ಕಳುಹಿಸಲೇಬೇಕು ಎಂದರೆ ಹವಾಮಾನ ಇಲಾಖೆಯ ಆ ದಿನದ ಪ್ರಕಟಣೆಯನ್ನು ಮತ್ತು ಜಿಲ್ಲಾಡಳಿತದ ಸೂಚನೆಯನ್ನು ಕಳುಹಿಸಿ. ಸ್ಥಳ ಬಿಟ್ಟು ಹೋಗಿ ಎಂದು ಹೇಳಿದ್ದರೆ ಆ್ಯಪ್ ನೋಡುತ್ತ ಕೂರಬೇಡಿ ಎಂದೂ ಹೇಳಿ.

ಹದಿನೈದರ ಹುಡುಗನೊಬ್ಬ ನಕ್ಷೆಯಲ್ಲಿ ಇಲ್ಲದ ಬಂಡೆಗೆ ಬಡಿದ ಹಡಗಿನಿಂದ ಬದುಕಿ ಬಂದಿದ್ದ. ನಂತರದ ಅರವತ್ತಕ್ಕೂ ಹೆಚ್ಚು ವರ್ಷ ಅವರು ದಿನ ದಿನ ಗಾಳಿಯನ್ನು ಬರೆದಿಟ್ಟರು. ಆ ಅಂಕಗಳನ್ನು ಓದುವವರಿಗೆ ಒಂದೊಂದು ಅಂಕದ ಅರ್ಥ ಏನು ಎಂಬುದನ್ನೂ ಜೊತೆಗೇ ಬರೆದಿಟ್ಟರು. ನಮ್ಮ ಕೈಯಲ್ಲಿರುವ ಫೋನ್ ಸಂಖ್ಯೆಯನ್ನು ಕೊಡುತ್ತದೆ, ಅರ್ಥವನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು.